ಮಗುವಿಗೆ ಯಾವ ಚಿತ್ರದ ಪುಸ್ತಕ?

ಮಗುವಿಗೆ ಒಂದು ಚಿತ್ರದ ಪುಸ್ತಕ ಕೊಂಡು ತರುವುದು ಏನು ಮಹಾ ಕೆಲಸ ಎಂದು ನೀವು ಕೇಳಬಹುದು. ಹೋದ ವರ್ಷದವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ, ಪಂಪ ರನ್ನರ ಪದ್ಯಗಳಿಗೆ ಅನ್ವಯ ಬಿಡಿಸಿದವನಿಗೆ, ಹದಿನಾರು ಪುಟದ ಬಣ್ಣದ ಪುಸ್ತಕವೊಂದು ಕಷ್ಟ ಕೊಟ್ಟೀತೆಂದು ಯಾರು ತಾನೆ ಎಣಿಸುತ್ತಾರೆ? ನಿಜ ಹೇಳಬೇಕೆಂದರೆ, ಚಿತ್ರವೆಂದರೆ ನನಗೆ ತುಸು ಅನಾದರವೇ ಇತ್ತು. ನಮ್ಮ ಆಲಂಕಾರಿಕರು ಕಾವ್ಯಗಳಲ್ಲಿ ತರತಮ ಹೇಳುವಾಗ ಚಿತ್ರಕಾವ್ಯವನ್ನು ಎಲ್ಲಕ್ಕೂ ಕೆಳಗೆ ಕೂರಿಸಿದರು. ಅವರು ಹೇಳಿದ ಚಿತ್ರ ಬೇರೆ, ಬಣ್ಣದ ಚಿತ್ರ ಬೇರೆ. ಅಷ್ಟು ನನಗೂ ಗೊತ್ತು. ಆದರೂ ಪಂಡಿತ ಪರೀಕ್ಷೆಗೆ ಓದುವಾಗ ಅಂಟಿಕೊಂಡ ಆ ಅನಾದರ ಶಬ್ದವನ್ನೇ ಹಿಡಿದು ಬಂದು ಮೊಮ್ಮಗಳ ಪುಸ್ತಕದ ಮೇಲೂ ಕುಳಿತುಬಿಟ್ಟಿತು.

ನಮ್ಮ ಮನೆಯಲ್ಲಿ ಕಥೆ ಹೇಳುವ ಕೆಲಸ ಮಗುವಿನ ಅಜ್ಜಿಯದಾಗಿತ್ತು. ಆಕೆಗೆ ಪುಸ್ತಕ ಬೇಕಾಗಿರಲಿಲ್ಲ. ಹೂಬತ್ತಿ ಹೊಸೆಯುತ್ತಲೋ ಅವರೆಕಾಯಿ ಸುಲಿಯುತ್ತಲೋ ಕಥೆ ಹೇಳಿ ಮುಗಿಸಿಬಿಡುತ್ತಿದ್ದಳು. ಹೋದ ವರ್ಷ ಶ್ರಾವಣದಲ್ಲಿ ಆಕೆ ತೀರಿಕೊಂಡಳು. ಕಥೆಯ ಕೆಲಸ ನನ್ನ ಪಾಲಿಗೆ ಬಂತು. ನನಗೆ ಪುಸ್ತಕ ಬೇಕಾಯಿತು. ನವರಾತ್ರಿಗೆ ಮುಂಚೆ ಒಂದು ಸಂಜೆ ಪೇಟೆಯ ಪುಸ್ತಕದಂಗಡಿಗೆ ಹೊರಟೆ. ಸೊಸೆ ಬಾಗಿಲ ತನಕ ಬಂದು, “ಮಾವ, ಅಳಿಸುವ ಕಥೆ ಬೇಡ. ಸಾವುಗೀವು ಇರುವುದು ಬೇಡವೇ ಬೇಡ. ಅವಳು ಈಗತಾನೆ ಸ್ವಲ್ಪ ಮರೆಯುತ್ತಿದ್ದಾಳೆ” ಎಂದಳು. ಸರಿ ಎಂದೆ.

ಅಂಗಡಿಯಲ್ಲಿ ಒಂದು ಗಂಟೆ ನಿಂತೆ. ಅಲ್ಲಿದ್ದ ಪುಸ್ತಕಗಳಲ್ಲಿ ಎರಡು ಜಾತಿ ಎದ್ದು ಕಾಣುತ್ತಿದ್ದವು. ಒಂದು ಜಾತಿಯವಕ್ಕೆ ಕೊನೆಯ ಪುಟದಲ್ಲಿ ಚೌಕಟ್ಟು ಕಟ್ಟಿ ‘ನೀತಿ’ ಎಂದು ಬರೆದಿತ್ತು. ಇನ್ನೊಂದರಲ್ಲಿ ಕಥೆಯೇ ಇರಲಿಲ್ಲ. ಸೇಬು, ಕೊಡೆ, ಬಸ್ಸು, ಆನೆ, ಒಂದೊಂದರ ಕೆಳಗೂ ಅದರದರ ಹೆಸರು. ಎರಡು ಜಾತಿಯಲ್ಲಿಯೂ ಒಂದೊಂದನ್ನು ಆರಿಸಿದೆ. ಹಣ ಕೊಡುವಾಗ ಪಕ್ಕದಲ್ಲಿ ಪುಣ್ಯಕೋಟಿಯ ಕಥೆಯ ಒಂದು ತೆಳ್ಳನೆಯ ಪುಸ್ತಕ ಕಂಡಿತು. ಗೋವಿನ ಹಾಡು ನನಗೆ ಬಾಲ್ಯದಿಂದ ಬಾಯಿಗೆ ಬರುವುದರಿಂದ ಹೆಚ್ಚು ಯೋಚಿಸದೆ ಅದನ್ನೂ ಕೈಗೆತ್ತಿಕೊಂಡೆ. ಕೊನೆಗೆ ಸಾಯುವುದು ಹುಲಿ ತಾನೆ, ಹಸುವಲ್ಲವಲ್ಲ ಎಂದು ದಾರಿಯಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈ ಮೂರು ಪುಸ್ತಕಗಳ ಗತಿ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು, ನನ್ನ ಹಾಗೆಯೇ ಅಂಗಡಿಗೆ ಹೋದ ಇನ್ನೊಬ್ಬರ ಕಥೆ ಕೇಳಿ.

1844ನೆಯ ಇಸವಿಯ ಡಿಸೆಂಬರ್ ತಿಂಗಳು. ಜರ್ಮನಿಯ ಫ್ರಾಂಕ್‌ಫರ್ಟ್ ನಗರ. ಹೈನ್ರಿಚ್ ಹಾಫ್‌ಮನ್ ಎಂಬ ವೈದ್ಯರು ತಮ್ಮ ಮೂರು ವರ್ಷದ ಮಗನಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಚಿತ್ರದ ಪುಸ್ತಕ ತರಲು ಹೊರಟರು. ಅಂಗಡಿಯಲ್ಲಿ ಅವರಿಗೆ ಕಂಡದ್ದೇನೆಂಬುದನ್ನು ಅವರೇ ಮುಂದೆ ಬರೆದಿಟ್ಟಿದ್ದಾರೆ. ಉದ್ದುದ್ದದ ಕಥೆಗಳು, ಒಳ್ಳೆಯ ಮಗು ಸತ್ಯ ಹೇಳಬೇಕು, ಚೊಕ್ಕಟವಾಗಿರಬೇಕು ಎಂದು ಉಪದೇಶದಲ್ಲಿ ಮುಗಿಯುವ ಕಥೆಗಳು. ಇವುಗಳ ಜೊತೆಗೆ ಒಂದು ದೊಡ್ಡ ಆಕಾರದ ಪುಸ್ತಕ. ಅದರಲ್ಲಿ ಬೆಂಚು, ಕುರ್ಚಿ, ಮಡಕೆ, ಲೋಕದಲ್ಲಿ ಬೆಳೆಯುವ, ಮಾಡುವ ಸಮಸ್ತ ವಸ್ತುಗಳ ಚಿತ್ರಗಳು. ಪ್ರತಿಯೊಂದರ ಕೆಳಗೂ ‘ನಿಜದ ಅಳತೆಯ ಅರ್ಧ’, ‘ಮೂರರಲ್ಲಿ ಒಂದು’, ‘ಹತ್ತರಲ್ಲಿ ಒಂದು’ ಎಂಬ ಒಕ್ಕಣೆ. ಮೂರು ವರ್ಷದ ಮಗುವಿಗೆ ಹತ್ತನೆಯ ಒಂದಂಶ ಎಂದರೇನು? ಬರೆದ ಬೆಂಚು ಅದಕ್ಕೆ ಬೆಂಚೇ. ಅದರ ಮೇಲೆ ಯಾರು ಕೂತರು ಎಂಬುದು ಅದರ ಪ್ರಶ್ನೆ. ವೈದ್ಯರು ಎಲ್ಲವನ್ನೂ ಹಾಗೆಯೇ ಇಟ್ಟು, ಒಂದು ಬರಿಯ ಹಾಳೆಯ ನೋಟುಬುಕ್ಕನ್ನು ಕೊಂಡು ಮನೆಗೆ ಬಂದರು. ಪುಸ್ತಕ ಎಲ್ಲಿ ಎಂದು ಹೆಂಡತಿ ಕೇಳಿದ್ದಕ್ಕೆ ಇದೇ ಪುಸ್ತಕ ಎಂದು ತೋರಿಸಿದರಂತೆ.

ಅವರಿಗೆ ಈ ಧೈರ್ಯ ಎಲ್ಲಿಂದ ಬಂತೆಂದರೆ, ವೃತ್ತಿಯಿಂದ. ರೋಗಿಯಾದ ಮಗು ವೈದ್ಯನನ್ನು ಕಂಡೊಡನೆ ಕೂಗಿ ಒದ್ದಾಡುತ್ತದೆ. ನಾಡಿ ಹಿಡಿಯಲೂ ಬಿಡುವುದಿಲ್ಲ. ಹಾಫ್‌ಮನ್ನರು ಜೇಬಿನಿಂದ ಕಾಗದ, ಸೀಸದ ಕಡ್ಡಿ ತೆಗೆದು ಏನಾದರೊಂದು ಗೊಂಬೆಯ ಚಿತ್ರವನ್ನು ಗೀಚುತ್ತ ಅದರ ಕಥೆಯನ್ನು ಹೇಳುತ್ತಿದ್ದರು. ಮಗು ಅಳು ಮರೆತು ನೋಡುವಷ್ಟರಲ್ಲಿ ತಮ್ಮ ಪರೀಕ್ಷೆಯನ್ನು ಮುಗಿಸುತ್ತಿದ್ದರು. ಹಾಗೆ ಗೀಚಿ ರೂಢಿಯಾದ ಕೈಯೇ ಮಗನ ನೋಟುಬುಕ್ಕನ್ನು ತುಂಬಿಸಿತು. ಗೆಳೆಯರು ನೋಡಿ ಬಲವಂತ ಮಾಡಿದ ಮೇಲೆ 1845ರಲ್ಲಿ ಅದು ಅಚ್ಚಾಯಿತು. ಮೊದಲ 1500 ಪ್ರತಿಗಳು ಕೆಲವೇ ವಾರಗಳಲ್ಲಿ ಮುಗಿದುಹೋದವು. ಕೊನೆಯ ಪುಟದಲ್ಲಿದ್ದ, ತಲೆ ಬಾಚದ, ಉಗುರು ಕತ್ತರಿಸದ ಹುಡುಗ ಎಲ್ಲ ಮಕ್ಕಳಿಗೂ ಹಿಡಿಸಿದ್ದರಿಂದ ಅವನೇ ಮುಂದಿನ ಮುದ್ರಣಗಳಲ್ಲಿ ಮೊದಲ ಪುಟಕ್ಕೆ ಬಂದ. ಅವನ ಹೆಸರೇ ಪುಸ್ತಕಕ್ಕೂ ಬಂತು. ಅದೇ ‘ಸ್ಟ್ರುವೆಲ್‌ಪೀಟರ್’.

ಇಲ್ಲಿ ಒಂದು ಮಾತು ಹೇಳಿ ಮುಂದುವರಿಯುತ್ತೇನೆ. ಆ ಪುಸ್ತಕದ ಚಿತ್ರಗಳು ಮೊದಲು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಎರಡು ವರ್ಷ ಹಿಂದೆ, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಜರ್ಮನಿಯಿಂದ ಬಂದ ಮೋಗ್ಲಿಂಗರು ಹೊರಡಿಸಿದ್ದೂ ಕಲ್ಲಚ್ಚಿನಲ್ಲಿಯೇ. ಕಲ್ಲಿನ ಮೇಲೆ ಚಿತ್ರ ಬರೆಯುವವನು ತನ್ನ ಒರಟು ಗೆರೆಗಳನ್ನು ತಿದ್ದಿ ಚೆಂದ ಮಾಡಿಬಿಟ್ಟಾನೆಂದು ಹಾಫ್‌ಮನ್ನರಿಗೆ ಹೆದರಿಕೆ. ಪಕ್ಕದಲ್ಲಿ ನಿಂತು ಕಾವಲು ಕಾದರು. ಪುಸ್ತಕಕ್ಕೆ ಬೆಲೆ ಕಡಿಮೆಯಿರಬೇಕು, ಕಟ್ಟು ಬಹಳ ಗಟ್ಟಿಯಾಗಬಾರದು ಎಂಬುದು ಅವರ ಇನ್ನೊಂದು ಹಟ. ಮಕ್ಕಳ ಪುಸ್ತಕ ಇರುವುದು ಓದುವುದಕ್ಕೆ ಮಾತ್ರವಲ್ಲ, ಹರಿಯುವುದಕ್ಕೂ ಹೌದು ಎನ್ನುವುದು ಅವರ ಅಭಿಪ್ರಾಯವಾಗಿತ್ತು. ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿ ಬೀರುವಿನಲ್ಲಿಡುವ ನಮ್ಮಂಥವರಿಗೆ ಈ ಮಾತು ಕಷ್ಟವಾಗಿ ಕೇಳಿಸುತ್ತದೆ.

ಹಾಫ್‌ಮನ್ನರಿಗೆ ಬೇಸರ ತಂದ ಆ ಬೆಂಚು ಮಡಕೆಗಳ ಪುಸ್ತಕ ಎಲ್ಲಿಂದ ಬಂತು ಎಂದು ಹುಡುಕಿದರೆ ಇನ್ನೂ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. ಅದಕ್ಕೆ ಮೂಲಪುರುಷರು ಮೊರೇವಿಯ ದೇಶದ ಕೊಮೇನಿಯಸ್ ಎಂಬ ಉಪಾಧ್ಯಾಯರು, 1592ರಲ್ಲಿ ಹುಟ್ಟಿದವರು. ಮೂವತ್ತು ವರ್ಷದ ಯುದ್ಧದಲ್ಲಿ ನಾಡು ಬಿಟ್ಟರು. ಹೆಂಡತಿ ಮಕ್ಕಳನ್ನು ಸಾಂಕ್ರಾಮಿಕಕ್ಕೆ ಕಳೆದುಕೊಂಡರು. ಮುದಿವಯಸ್ಸಿನಲ್ಲಿ ನೆಲೆಸಿದ್ದ ಊರೂ 1656ರಲ್ಲಿ ಸುಟ್ಟು, ಜೀವಮಾನದ ಹಸ್ತಪ್ರತಿಗಳು ಬೂದಿಯಾದವು. ಇಷ್ಟಾದ ಎರಡೇ ವರ್ಷಕ್ಕೆ, 1658ರಲ್ಲಿ, ನ್ಯೂರೆಂಬರ್ಗಿನಲ್ಲಿ ಅವರ ‘ಓರ್ಬಿಸ್ ಪಿಕ್ಟಸ್’ ಅಚ್ಚಾಯಿತು. ಚಿತ್ರದಲ್ಲಿ ಬರೆದ ಲೋಕ ಎಂದು ಹೆಸರಿನ ಅರ್ಥ. ಲ್ಯಾಟಿನ್ ಕಲಿಯುವ ಹುಡುಗರಿಗಾಗಿ ಬರೆದದ್ದು. 150 ಪಾಠ, ಪ್ರತಿ ಪಾಠಕ್ಕೂ ಮರದಚ್ಚಿನ ಒಂದು ಚಿತ್ರ. ಚಿತ್ರದಲ್ಲಿರುವ ವಸ್ತುಗಳಿಗೆ ಅಂಕಿ ಹಾಕಿದೆ. ಕೆಳಗೆ ಲ್ಯಾಟಿನ್ ಒಂದು ಕಡೆ, ಜರ್ಮನ್ ಒಂದು ಕಡೆ, ಅದೇ ಅಂಕಿಗಳನ್ನು ಹಿಡಿದು ವಾಕ್ಯಗಳು. ಅಕ್ಷರಮಾಲೆಯ ಪುಟವಂತೂ ಸೊಗಸು: ಕಾಗೆಯ ಕೂಗಿನಿಂದ ಒಂದು ಅಕ್ಷರ, ಕುರಿಮರಿಯ ಕೂಗಿನಿಂದ ಒಂದು ಅಕ್ಷರ. ಬಾಯಿಂದ ಕೂಗಿ ತೋರಿಸದೆ ಆ ಪುಟವನ್ನು ಓದುವಂತೆಯೇ ಇಲ್ಲ. ವರ್ಣಮಾಲೆ ಕಲಿಸುವಾಗ ನಾನು ಒಂದು ದಿನವೂ ಕಾಗೆಯ ಹಾಗೆ ಕೂಗಲಿಲ್ಲವೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಈ ಪುಸ್ತಕ ಮರುವರ್ಷವೇ ಇಂಗ್ಲಿಷಿಗೆ ಹೋಯಿತು. ನೂರು ವರ್ಷ ಕಳೆದರೂ ಅದರ ಆಯುಸ್ಸು ಮುಗಿದಿರಲಿಲ್ಲ. ಮಹಾಕವಿ ಗೊಯಥೆ ತಮ್ಮ ಆತ್ಮಕಥೆಯಲ್ಲಿ, ತಮ್ಮ ಬಾಲ್ಯದಲ್ಲಿ ಮಕ್ಕಳಿಗೆಂದೇ ಇದ್ದ ಅಂಥ ಪುಸ್ತಕ ಇದೊಂದೇ ತಮ್ಮ ಕೈಗೆ ಸಿಕ್ಕಿದ್ದು ಎನ್ನುತ್ತಾರೆ. ಅವರು ಹುಟ್ಟಿದ್ದೂ ಅದೇ ಫ್ರಾಂಕ್‌ಫರ್ಟಿನಲ್ಲಿ. ಕೊಮೇನಿಯಸ್ ಮಾಡಿದ್ದು ಸಣ್ಣ ಕೆಲಸವಲ್ಲ. ಆದರೆ ಹಿರಿಯರ ಹಾದಿಯನ್ನು ಕಿರಿಯರು ಹಿಡಿದಾಗ ಹಿರಿಯರ ಉಸಿರು ಕಳೆದು ಹೆಜ್ಜೆಯ ಗುರುತು ಮಾತ್ರ ಉಳಿಯುವುದುಂಟು. ಕಾಗೆಯ ಕೂಗು ಹೋಯಿತು; ಅಂಕಿ ಉಳಿಯಿತು. ಹಾಫ್‌ಮನ್ನರ ಅಂಗಡಿಗೆ ಬರುವ ಹೊತ್ತಿಗೆ ಅದು ಹತ್ತರಲ್ಲಿ ಒಂದು ಅಳತೆಯ ಬೆಂಚಾಗಿತ್ತು. ನಾನು ಕೊಂಡ ಸೇಬು, ಕೊಡೆ, ಬಸ್ಸುಗಳೂ ಆ ವಂಶದವೇ.

ನೀತಿಯ ಪುಸ್ತಕದ ವಂಶಾವಳಿಯನ್ನು ಬಹಳ ಹೇಳಬೇಕಾಗಿಲ್ಲ. ಲಂಡನ್ನಿನ ಜಾನ್ ನ್ಯೂಬೆರಿ 1744ರಲ್ಲಿ ಒಂದು ಪುಟ್ಟ ಪುಸ್ತಕ ಹೊರಡಿಸಿ, ಅದರ ಜೊತೆಗೆ ಹುಡುಗರಿಗೆ ಒಂದು ಚೆಂಡು, ಹುಡುಗಿಯರಿಗೆ ಒಂದು ಸೂಜಿಮೆತ್ತೆ ಮಾರಿದ. ಅವುಗಳ ಒಂದು ಮಗ್ಗುಲು ಕೆಂಪು, ಇನ್ನೊಂದು ಕಪ್ಪು. ಒಳ್ಳೆಯ ಕೆಲಸ ಮಾಡಿದಾಗ ಒಂದು ಕಡೆ ಗುಂಡುಸೂಜಿ, ಕೆಟ್ಟದ್ದಕ್ಕೆ ಇನ್ನೊಂದು ಕಡೆ. ಆಟವನ್ನೂ ಚಿತ್ರಗುಪ್ತನ ಲೆಕ್ಕವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿದ ಆ ವ್ಯಾಪಾರಿಯ ಜಾಣತನವನ್ನು ಮೆಚ್ಚಲೇಬೇಕು. ಅಮೆರಿಕದಲ್ಲಿ 1922ರಿಂದ ಮಕ್ಕಳ ಸಾಹಿತ್ಯಕ್ಕೆ ಕೊಡುವ ಪದಕ ಅವನ ಹೆಸರಿನಲ್ಲಿದೆ.

ಚಿತ್ರಗುಪ್ತನ ಹೆಸರು ಬಂದದ್ದರಿಂದ ನಮ್ಮ ದೇಶಕ್ಕೂ ಒಂದು ಸಲ ಬರೋಣ. ಮಕ್ಕಳಿಗೆ ಚಿತ್ರ ತೋರಿಸಿ ಕಥೆ ಓದುವುದು ಪಶ್ಚಿಮದವರು ಕಲಿಸಿದ್ದು ಎಂದು ಯಾರಾದರೂ ಹೇಳಿದರೆ ಅವರಿಗೆ ಬಾಣಭಟ್ಟನ ಹರ್ಷಚರಿತದ ಐದನೆಯ ಉಚ್ಛ್ವಾಸವನ್ನು ತೋರಿಸಬಹುದು. 7ನೆಯ ಶತಮಾನದ ಗ್ರಂಥ. ಬೇಟೆಗೆ ಹೋಗಿದ್ದ ಹರ್ಷ, ತಂದೆ ಪ್ರಭಾಕರವರ್ಧನನಿಗೆ ಕಡು ಜ್ವರವೆಂದು ಕೇಳಿ, ಅನ್ನ ನೀರು ಬಿಟ್ಟು ರಾಜಧಾನಿಗೆ ಧಾವಿಸಿ ಬರುತ್ತಾನೆ. ಊರು ಹೊಕ್ಕೊಡನೆ ಅಂಗಡಿಬೀದಿಯಲ್ಲಿ ಅವನ ಕಣ್ಣಿಗೆ ಬಿದ್ದವನು ಒಬ್ಬ ಯಮಪಟ್ಟಿಕ. ಕೋಲಿಗೆ ಬಿಗಿದು ಹರಡಿದ ಚಿತ್ರಪಟವನ್ನು ಎಡಗೈಯಲ್ಲಿ ಹಿಡಿದಿದ್ದಾನೆ. ಪಟದಲ್ಲಿ ಭಯಂಕರವಾದ ಕೋಣನ ಮೇಲೆ ಯಮ. ಬಲಗೈಯಲ್ಲಿ ಒಂದು ಜೊಂಡಿನ ಕಡ್ಡಿ. ಅದರಿಂದ ಒಂದೊಂದೇ ಚಿತ್ರವನ್ನು ಮುಟ್ಟುತ್ತ ಪರಲೋಕದಲ್ಲಿ ನಡೆಯುವುದನ್ನು ವಿವರಿಸುತ್ತಿದ್ದಾನೆ. ಸುತ್ತ ಯಾರು? ಕುತೂಹಲದಿಂದ ಕಿಕ್ಕಿರಿದ ಹುಡುಗರು! ಬಾಣನಿಗೆ ಅದು ಅಪಶಕುನದ ಚಿತ್ರ. ರಾಜ ಬದುಕುವುದಿಲ್ಲ ಎಂಬುದಕ್ಕೆ ಮುನ್ಸೂಚನೆ. ನಮಗೆ ಅದೇ ಸಾಲಿನಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ತಂದೆ ಸಾಯುವ ಹೊತ್ತಿಗೆ ಹದಿವಯಸ್ಸಿನ ಒಬ್ಬ ಮಗ ಕುದುರೆಯ ಮೇಲೆ ಹಾದುಹೋಗುತ್ತಿದ್ದಾನೆ. ಬೀದಿಯ ಮಕ್ಕಳು ಸಾವಿನ ಚಿತ್ರವನ್ನು ಕಣ್ಣರಳಿಸಿ ನೋಡುತ್ತಿದ್ದಾರೆ. ಯಾರೂ ಓಡಿಹೋಗುತ್ತಿಲ್ಲ.

ಕೊಮೇನಿಯಸ್ಸರ 150ನೆಯ ಪಾಠ ಯಾವುದು ಗೊತ್ತೆ? ಕೊನೆಯ ದಿನದ ತೀರ್ಪು. ಹಾಫ್‌ಮನ್ನರ ಪುಸ್ತಕದಲ್ಲಿ ಏನಿದೆ? ಹೆಬ್ಬೆರಳು ಚೀಪುವ ಹುಡುಗನ ಬೆರಳನ್ನು ಒಬ್ಬ ದರ್ಜಿ ಓಡಿಬಂದು ದೊಡ್ಡ ಕತ್ತರಿಯಿಂದ ಕತ್ತರಿಸುತ್ತಾನೆ. ಸಾರು ಒಲ್ಲೆನೆಂದ ಹುಡುಗ ದಿನದಿನಕ್ಕೆ ಕಡ್ಡಿಯಾಗಿ ಐದನೆಯ ದಿನ ಸತ್ತೇಹೋಗುತ್ತಾನೆ. ನೀತಿಯ ಪುಸ್ತಕ ಬೇಡವೆಂದು ಅಂಗಡಿಯಿಂದ ಬಂದವರು ಬರೆದದ್ದು ಇದು! ನಗುವಿಗಾಗಿ ಬರೆದದ್ದೆಂದು ಅವರು ಹೇಳಿದರು; ಅತಿಯಾಗಿ ಹಿಗ್ಗಿಸಿದ ಶಿಕ್ಷೆಯನ್ನು ಕಂಡು ನಗುವ ಮಕ್ಕಳೂ ಇದ್ದರು. ಕತ್ತರಿಯನ್ನು ಕನಸಿನಲ್ಲಿ ಕಂಡು ಕಿರುಚಿದ ಮಕ್ಕಳೂ ಇದ್ದರು. ಮಕ್ಕಳನ್ನು ಹೀಗೆ ಹೆದರಿಸುವುದು ಸರಿಯೇ ಎಂಬ ಜಗಳ ಆಗ ಆರಂಭವಾದದ್ದು ಇನ್ನೂ ಮುಗಿದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಹಾಫ್‌ಮನ್ನರ ಮಗ ಆ ಕತ್ತರಿಯನ್ನು ನೋಡಿದ್ದು ಅದನ್ನು ಬರೆದ ತಂದೆಯ ಮನೆಯಲ್ಲಿ. ಈ ಮನುಷ್ಯ ನನ್ನ ಬೆರಳನ್ನು ಕತ್ತರಿಸುವವನಲ್ಲ ಎಂದು ಆ ಮಗುವಿಗೆ ಗೊತ್ತಿತ್ತು. ಅಚ್ಚಾಗಿ ಸಾವಿರಾರು ಮನೆಗಳಿಗೆ ಹೋದಾಗ ಪುಸ್ತಕದ ಜೊತೆಗೆ ಆ ತಂದೆ ಹೋಗಲಿಲ್ಲ. ಕೆಲವು ಮನೆಗಳಲ್ಲಿ ಅದನ್ನು ಓದಿದವರು ಯಮಪಟ್ಟಿಕನ ಕಡ್ಡಿಯನ್ನು ಹಿಡಿದೇ ಓದಿದರೇನೋ. ಪುಸ್ತಕ ಆರಿಸುವಾಗ ‘ಇದರಲ್ಲಿ ಹೆದರಿಕೆ ಇದೆಯೆ?’ ಎಂದು ಕೇಳುವ ನಾವು ‘ಓದುವವನು ಯಾರು, ಹೇಗೆ?’ ಎಂದು ಕೇಳಿಕೊಳ್ಳುವುದಿಲ್ಲ.

ಇನ್ನು ಚಿತ್ರದ ವಿಚಾರ. ಹಾಫ್‌ಮನ್ನರವರೆಗೂ ಚಿತ್ರ ಮಾತಿನ ಹಿಂದೆ ನಡೆಯುವ ಆಳಾಗಿತ್ತು. ಮಾತು ಹೇಳಿದ್ದನ್ನೇ ಚಿತ್ರ ತೋರಿಸುತ್ತಿತ್ತು. ಈ ಪದ್ಧತಿಯನ್ನು ಮುರಿದವರಲ್ಲಿ ಮುಖ್ಯರು ಇಂಗ್ಲೆಂಡಿನ ರಾಂಡಾಲ್ಫ್ ಕಾಲ್ಡಿಕಾಟ್. ಮೊದಲು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. ಎಡ್ಮಂಡ್ ಇವಾನ್ಸ್ ಎಂಬ ಬಣ್ಣದಚ್ಚಿನ ನಿಪುಣರ ಜೊತೆ ಸೇರಿ 1878ರಿಂದ 1885ರವರೆಗೆ ವರ್ಷಕ್ಕೆ ಎರಡರಂತೆ 16 ಪುಸ್ತಕ ಮಾಡಿದರು. 1886ರಲ್ಲಿ, ನಲವತ್ತು ತುಂಬುವ ಮೊದಲೇ, ತೀರಿಕೊಂಡರು. ಅವರು ತೆಗೆದುಕೊಂಡದ್ದು ದಾದಿಯರು ಹಾಡುವ ಹಳೆಯ ಶಿಶುಗೀತೆಗಳನ್ನು. ಒಂದು ಗೀತೆಯ ಸಂಗತಿ ಇಷ್ಟೇ: ಅಪ್ಪ ಬೇಟೆಗೆ ಹೋಗಿದ್ದಾನೆ, ಮಗುವಿಗೆ ಹೊದಿಸಲು ಮೊಲದ ಚರ್ಮ ತರುತ್ತಾನೆ. ಹಾಡು ಅಲ್ಲಿಗೆ ಮುಗಿಯಿತು. 1882ರ ಪುಸ್ತಕದಲ್ಲಿ ಕಾಲ್ಡಿಕಾಟ್ ಅದರಾಚೆಗೆ ಒಂದು ಚಿತ್ರ ಬರೆದರು. ಮೊಲದ ಚರ್ಮದ ಕುಲಾವಿ ತೊಟ್ಟ ಮಗು ತಾಯಿಯ ಜೊತೆ ಗಾಳಿಗೆ ಹೊರಟಿದೆ. ದಾರಿಯ ಮಗ್ಗುಲಿನ ದಿಬ್ಬದ ಮೇಲೆ ಜೀವಂತ ಮೊಲಗಳು. ಮಗು ಅವನ್ನೇ ನೆಟ್ಟ ನೋಟದಿಂದ ನೋಡುತ್ತಿದೆ. ಕೆಳಗೆ ಒಂದು ಮಾತೂ ಇಲ್ಲ.

ಅಲ್ಲಿ ದೊಡ್ಡವರು ಓದುವುದಕ್ಕೆ ಏನೂ ಉಳಿದಿಲ್ಲ. ಮಗು ನೋಡುವುದಕ್ಕೆ ಬಹಳವಿದೆ. ಗಟ್ಟಿಯಾಗಿ ಓದುವ ಚಿತ್ರಪುಸ್ತಕದ ಗುಟ್ಟು ಇದರಲ್ಲಿದೆ ಎಂದು ನನಗೆ ತೋರುತ್ತದೆ. ನಾವು ಓದುವಾಗ ನಮ್ಮ ಕಣ್ಣು ಅಕ್ಷರದ ಮೇಲೆ; ಅಕ್ಷರ ಬಾರದ ಮಗುವಿನ ಕಣ್ಣು ಚಿತ್ರದ ಮೇಲೆ, ಕಿವಿ ನಮ್ಮ ದನಿಯ ಮೇಲೆ. ರೇಡಿಯೋ ನಾಟಕ ಕೇಳುವಾಗ ನೀವು ಮನಸ್ಸಿನಲ್ಲಿ ರಂಗವನ್ನು ಕಟ್ಟಿಕೊಳ್ಳುತ್ತೀರಷ್ಟೆ. ಮಗುವಿಗೆ ಆ ರಂಗ ತೊಡೆಯ ಮೇಲೆಯೇ ತೆರೆದಿರುತ್ತದೆ. ಕಿವಿಗೆ ಬಂದದ್ದೇ ಕಣ್ಣಿಗೂ ಬಂದರೆ ಅದಕ್ಕೆ ಬೇಗ ಬೇಸರವಾಗುತ್ತದೆ. ಓದುವ ತಾತನಿಗೆ ಕಾಣದ ಒಂದು ಇಲಿ ಚಿತ್ರದ ಮೂಲೆಯಲ್ಲಿದ್ದರೆ, ಅದನ್ನು ತೋರಿಸಿಕೊಡುವ ಹಕ್ಕು ಮಗುವಿನದು. ಕಾಲ್ಡಿಕಾಟರ ಹೆಸರಿನ ಪದಕವನ್ನು ಅಮೆರಿಕದಲ್ಲಿ 1938ರಿಂದ ಚಿತ್ರಪುಸ್ತಕಗಳಿಗೇ ಮೀಸಲಿಟ್ಟಿದ್ದಾರೆ.

ಬೀಟ್ರಿಕ್ಸ್ ಪಾಟರ್ ಅವರ ಮೊಲದ ಕಥೆಯೂ ಅಂಗಡಿಗಾಗಿ ಹುಟ್ಟಿದ್ದಲ್ಲ. 1893ರಲ್ಲಿ ಕಾಯಿಲೆ ಮಲಗಿದ್ದ ಐದು ವರ್ಷದ ಹುಡುಗನಿಗೆ ಬರೆದ ಒಂದು ಚಿತ್ರದ ಕಾಗದ. ಪ್ರಕಾಶಕರು ಬೇಡವೆಂದ ಮೇಲೆ 1901ರಲ್ಲಿ ಆಕೆ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. ಮಕ್ಕಳ ಅಂಗೈಗೆ ಹಿಡಿಯುವಷ್ಟೇ ಪುಸ್ತಕ ಇರಬೇಕೆಂಬುದು ಆಕೆಯ ಹಟ. 1902ರಲ್ಲಿ ಒಂದು ಪ್ರಕಾಶನ ಒಪ್ಪಿಕೊಂಡಿತು. ಆ ಮುದ್ದಾದ ಪುಸ್ತಕದಲ್ಲಿಯೂ ಮೊಲದ ಮರಿಯ ಅಪ್ಪ ತೋಟದವನ ಮನೆಯಲ್ಲಿ ಅಡುಗೆಯಾಗಿಹೋದದ್ದನ್ನು ತಾಯಿ ಮೊದಲಲ್ಲಿಯೇ, ಒಂದೇ ಮಾತಿನಲ್ಲಿ, ಹೇಳಿಬಿಡುತ್ತಾಳೆ. ಕಥೆ ಅಲ್ಲಿ ನಿಂತು ಅಳುವುದಿಲ್ಲ. ಅದನ್ನು ಮುಚ್ಚಿಡುವುದೂ ಇಲ್ಲ.

ಕನ್ನಡದಲ್ಲಿ ಏನಾಗಿತ್ತು ಎಂದು ನೀವು ಕೇಳುತ್ತೀರಿ. ನಮ್ಮಲ್ಲಿ ಬಣ್ಣದಚ್ಚು ಬಹುಕಾಲ ದುಬಾರಿಯ ಮಾತು. ಅದರಿಂದ ನಮ್ಮ ಮಕ್ಕಳ ಸಾಹಿತ್ಯ ಕಣ್ಣಿಗಿಂತ ಕಿವಿಯನ್ನು ನಂಬಿ ಬೆಳೆಯಿತು. ಉಪಾಧ್ಯಾಯರಾಗಿ, ಶಾಲೆಗಳ ಇನ್‌ಸ್ಪೆಕ್ಟರಾಗಿ ದುಡಿದ ಪಂಜೆ ಮಂಗೇಶರಾಯರು 1921ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಅವರ ಪದ್ಯಗಳಲ್ಲಿ ಹಾವು ಬಂದರೆ ಮಾತೇ ಹಾವಿನ ಹಾಗೆ ಹರಿಯುತ್ತದೆ. ಚಿತ್ರವಿಲ್ಲದೆ ಚಿತ್ರದ ಕೆಲಸವನ್ನು ನಾದ ಮಾಡುತ್ತದೆ. ಜಿ. ಪಿ. ರಾಜರತ್ನಂ ಅವರದೂ ಅದೇ ಹದ. ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲಪ್ರಪಂಚ’ವನ್ನು ಮೂರು ದೊಡ್ಡ ಸಂಪುಟಗಳಲ್ಲಿ ಚಿತ್ರಗಳೊಡನೆ ತಂದದ್ದು ಒಬ್ಬ ಮನುಷ್ಯ ಮಾಡಬಹುದಾದ ಕೆಲಸವೇ ಎಂದು ಈಗಲೂ ಬೆರಗಾಗುತ್ತದೆ, ಕೊಮೇನಿಯಸ್ಸರ ಮನೆತನಕ್ಕೆ ನಮ್ಮಲ್ಲಿ ಯಾರಾದರೂ ಸೇರುವುದಾದರೆ ಅವರೇ ಸರಿ. 1957ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ದೆಹಲಿಯಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟನ್ನು ಸ್ಥಾಪಿಸಿದರು. ನ್ಯಾಷನಲ್ ಬುಕ್ ಟ್ರಸ್ಟ್ ಹುಟ್ಟಿದ್ದೂ ಅದೇ ವರ್ಷ. 2004ರಲ್ಲಿ ಬೆಂಗಳೂರಿನಲ್ಲಿ ಪ್ರಥಮ್ ಬುಕ್ಸ್ ಆರಂಭವಾಯಿತು. ಒಂದೇ ಚಿತ್ರಕ್ಕೆ ಹಲವು ಭಾಷೆಯ ಮಾತು ಸೇರಿಸಿ ಅಚ್ಚು ಹಾಕುವ ಉಪಾಯದಿಂದ ಬೆಲೆ ಇಳಿಯಿತು. ಬಡವರ ಮನೆಗೂ ಬಣ್ಣ ಬಂತು. ಇದು ದೊಡ್ಡ ಉಪಕಾರ. ಆದರೆ ಬೇರೆ ಭಾಷೆಯಿಂದ ಬಂದ ಮಾತು ಎಷ್ಟೋ ಸಲ ಕನ್ನಡದ ನಾಲಿಗೆಗೆ ಹೊರಳುವುದಿಲ್ಲ. ಚಿತ್ರದಲ್ಲಿ ಕೋಳಿ ಕುಣಿಯುತ್ತಿದ್ದರೆ ಕೆಳಗಿನ ವಾಕ್ಯ ಕಚೇರಿಯ ಕಾಗದದಂತೆ ಕೂತಿರುತ್ತದೆ. ಅದಕ್ಕೇ ನಾನು ಈಗ ಅಂಗಡಿಯಲ್ಲಿಯೇ ಒಂದು ಪುಟವನ್ನು ಬಾಯಿಬಿಟ್ಟು ಓದಿ ನೋಡುತ್ತೇನೆ. ಅಂಗಡಿಯ ಹುಡುಗರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಮನೆಗೆ ಹೋದ ಮೇಲೆ ಅದೇ ಪುಟವನ್ನು ಮೂವತ್ತು ಸಲ ಓದಬೇಕಾದವನು ನಾನು.

ಹೆದರಿಕೆಯ ಜಗಳಕ್ಕೆ ಮತ್ತೆ ಬರುತ್ತೇನೆ. 1963ರಲ್ಲಿ ಅಮೆರಿಕದ ಮಾರಿಸ್ ಸೆಂಡಕ್ ಒಂದು ಪುಸ್ತಕ ಬರೆದರು. ತುಂಟತನ ಮಾಡಿದ ಹುಡುಗನನ್ನು ತಾಯಿ ಊಟ ಕೊಡದೆ ಕೋಣೆಗೆ ಕಳಿಸುತ್ತಾಳೆ. ಕೋಣೆಯಲ್ಲಿ ಕಾಡು ಬೆಳೆಯುತ್ತದೆ. ಹುಡುಗ ಕೋರೆಹಲ್ಲಿನ ಭೂತಗಳ ದೇಶಕ್ಕೆ ಹೋಗಿ ಅವಕ್ಕೆ ರಾಜನಾಗುತ್ತಾನೆ. ಇಡೀ ಪುಸ್ತಕದಲ್ಲಿ ಹತ್ತೇ ವಾಕ್ಯ. ಕಾಡು ಬೆಳೆದ ಹಾಗೆಲ್ಲ ಚಿತ್ರವೂ ಪುಟದಲ್ಲಿ ಬೆಳೆಯುತ್ತ ಹೋಗಿ, ಕೊನೆಗೆ ಮಾತಿಗೆ ಜಾಗವೇ ಇಲ್ಲದೆ ಮೂರು ಜೋಡಿಪುಟ ಬರಿಯ ಚಿತ್ರ. ಭೂತಗಳ ಮುಖಕ್ಕೆ ತಮ್ಮ ಬಾಲ್ಯದಲ್ಲಿ ಭಾನುವಾರ ಬಂದು ಕೆನ್ನೆ ಹಿಂಡುತ್ತಿದ್ದ ನೆಂಟರೇ ಮಾದರಿ ಎಂದು ಸೆಂಡಕ್ ಹೇಳಿದ್ದುಂಟು. ಆ ನೆಂಟರು ನಮ್ಮ ಮನೆಗಳಿಗೂ ಬರುತ್ತಾರೆ. ಮಕ್ಕಳು ಹೆದರುತ್ತಾರೆಂದು ಹಿರಿಯರು ಗಾಬರಿಯಾದರು. ಬ್ರೂನೋ ಬೆಟೆಲ್‌ಹೈಮ್ ಎಂಬ ಪ್ರಖ್ಯಾತ ಮನಶ್ಶಾಸ್ತ್ರಜ್ಞರು 1969ರಲ್ಲಿ ಪತ್ರಿಕೆಯಲ್ಲಿ ಅದನ್ನು ಟೀಕಿಸಿದರು. ಪುಸ್ತಕವನ್ನು ತಾವು ಓದಿರಲಿಲ್ಲವೆಂದೂ ಒಪ್ಪಿಕೊಂಡರು. ಅಷ್ಟರೊಳಗೆ ಅದಕ್ಕೆ 1964ರ ಕಾಲ್ಡಿಕಾಟ್ ಪದಕ ಬಂದಿತ್ತು. ಕೊನೆಯ ಪುಟದಲ್ಲಿ ಹುಡುಗ ಮನೆಗೆ ಮರಳುತ್ತಾನೆ. ಕೋಣೆಯಲ್ಲಿ ಅವನ ಊಟ ಇನ್ನೂ ಬಿಸಿಯಾಗಿ ಕಾದಿರುತ್ತದೆ.

ನಮ್ಮ ಮನೆಯ ಮೂರು ಪುಸ್ತಕಗಳಿಗೆ ಈಗ ಬರಬಹುದು. ನೀತಿಯ ಪುಸ್ತಕವನ್ನು ಮೊಮ್ಮಗಳು ಒಂದು ಸಲ ಕೇಳಿ ಎದ್ದುಹೋದಳು. ಸೇಬು ಬಸ್ಸಿನ ಪುಸ್ತಕ ಎರಡು ದಿನದಲ್ಲಿ ಮುಗಿಯಿತು. ಈಗ ಗೊಂಬೆಗೆ ಹಾಸಿಗೆಯಾಗಿದೆ. ಪುಣ್ಯಕೋಟಿ ಉಳಿಯಿತು. ಮೊದಲ ಸಂಜೆ ಓದುವಾಗ ನಾನು ಒಂದು ಪಂಡಿತನಿಗೆ ತಕ್ಕದ್ದಲ್ಲದ ಕೆಲಸ ಮಾಡಿದೆ. ಹುಲಿಗೆ ಮಾತು ಕೊಟ್ಟ ಹಸು ಕರುವನ್ನು ಕಂಡು ಬರಲು ದೊಡ್ಡಿಗೆ ಬರುತ್ತದೆಯಷ್ಟೆ. ಆ ಪುಟ ಬಂದೊಡನೆ ಸೊಸೆಯ ಮಾತು ನೆನಪಾಯಿತು. ಎರಡು ಹಾಳೆಗಳನ್ನು ಒಟ್ಟಿಗೆ ಹಿಡಿದು ತಿರುವಿ, ಹಸುವನ್ನು ನೇರವಾಗಿ ಗುಹೆಯ ಮುಂದೆ ನಿಲ್ಲಿಸಿಬಿಟ್ಟೆ. ಹುಲಿ ಬೆಟ್ಟದಿಂದ ಹಾರಿದ್ದನ್ನೂ ‘ಹುಲಿ ಹೊರಟುಹೋಯಿತು’ ಎಂದು ಓದಿದೆ. ಮೂರು ದಿನ ಹೀಗೆಯೇ ನಡೆಯಿತು.

ನಾಲ್ಕನೆಯ ದಿನ ಪುಸ್ತಕ ಅವಳ ಕೈಯಲ್ಲಿತ್ತು. ನಾನು ಹಾಳೆ ತಿರುವಲು ಹೋದಾಗ ಅಂಗೈ ಇಟ್ಟು ತಡೆದು, “ತಾತ, ಇಲ್ಲಿ ಇನ್ನೊಂದು ಇದೆ” ಎಂದಳು. ಹಗಲು ಒಬ್ಬಳೇ ಕೂತು ನೋಡಿರಬೇಕು. ಆ ಪುಟದಲ್ಲಿ ತಾಯಿ ಹೊರಟಿದೆ; ಕರು ದೊಡ್ಡಿಯ ಬಾಗಿಲಲ್ಲಿ ನಿಂತಿದೆ. ಓದು ಎಂದಳು. ಓದಿದೆ, ನಡುವೆ ನನ್ನ ದನಿಯೇ ಎರಡು ಸಲ ನಿಂತಿತು. ಸೊಸೆ ಅಡುಗೆಮನೆಯಿಂದ ಬಂದು ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತದ್ದು ಗೊತ್ತಾಯಿತು. ತಲೆ ಎತ್ತಲಿಲ್ಲ. ಮಗು ಅತ್ತಳೆ ಎಂದರೆ, ಅತ್ತಳು, ಬಹಳ ಹೊತ್ತಲ್ಲ. ಆಮೇಲೆ ಚಿತ್ರದ ಎಡಗಡೆಯ ಕತ್ತಲೆಯ ಮೂಲೆಯನ್ನು ಬೆರಳಿಟ್ಟು ತೋರಿಸಿದಳು. ಅಲ್ಲಿ ಇನ್ನೊಂದು ಹಸು ಅರ್ಧ ಕಾಣುವಂತೆ ಬರೆದಿದೆ. ಕತ್ತು ಚಾಚಿ ಕರುವಿನ ಬೆನ್ನಿನ ಹತ್ತಿರಕ್ಕೆ ಬಂದಿದೆ. “ಇದು ನೆಕ್ಕತ್ತೆ” ಎಂದಳು. ಐವತ್ತು ವರ್ಷದಿಂದ ಆ ಹಾಡು ನನ್ನ ಬಾಯಲ್ಲಿದೆ, ನಾಲ್ಕು ದಿನದಿಂದ ಆ ಪುಸ್ತಕ ಕೈಯಲ್ಲಿದೆ; ಆ ಹಸುವನ್ನು ನಾನು ನೋಡಿಯೇ ಇರಲಿಲ್ಲ. ಸೊಸೆ ಒಳಗೆ ಬಂದು ಚಾಪೆಯ ಮೇಲೆ ಕೂತಳು. ಮಗು ಅವಳಿಗೂ ಆ ಹಸುವನ್ನು ತೋರಿಸಿತು.

ಅಂದಿನಿಂದ ಹುಲಿಯೂ ಬೆಟ್ಟದಿಂದ ಸರಿಯಾಗಿಯೇ ಹಾರುತ್ತಿದೆ. ಪುಸ್ತಕದ ಬೆನ್ನು ಬಿಟ್ಟು ಹಾಳೆಗಳು ಸಡಿಲವಾಗಿದ್ದವು; ಹೋದ ವಾರ ಮೈದಾ ಅಂಟು ಕಾಸಿ ಅಂಟಿಸಿದ್ದೇನೆ. ದೊಡ್ಡಿಯ ಬಾಗಿಲಿನ ಪುಟ ಮಾತ್ರ ಮೂಲೆ ಹರಿದು ಬೆರಳಿನ ಜಿಡ್ಡಿಗೆ ಕಪ್ಪಾಗಿದೆ. ಅದನ್ನು ಹಾಗೆಯೇ ಬಿಟ್ಟಿದ್ದೇನೆ.